ವಿಶ್ವಸಂಸ್ಥೆಯ ಪಡೆಯಲ್ಲಿ ನಮ್ಮ ಸೈನಿಕರಿಗೆ ಆದೇಶ ಕೊಡುವವರು ಯಾರು?

ಪ್ರಶ್ನೆ (ಚಳ್ಳಕೆರೆ):
ನಮ್ಮ ಓಣಿಯ ಹುಡುಗನೊಬ್ಬ ದಕ್ಷಿಣ ಲೆಬನಾನಿನ ಭಾರತೀಯ ಬೆಟಾಲಿಯನ್ನಿನಲ್ಲಿ ಸೇವೆ ಮುಗಿಸಿ ಬಂದಿದ್ದಾನೆ. ಫೋಟೋದಲ್ಲಿ ತಲೆಯ ಮೇಲೆ ವಿಶ್ವಸಂಸ್ಥೆಯ ನೀಲಿ ಟೋಪಿ, ತೋಳಿನ ಮೇಲೆ ತ್ರಿವರ್ಣ. ಹಾಗಾದರೆ ಅವನು ಪಾಲಿಸುತ್ತಿದ್ದುದು ದೆಹಲಿಯ ಆದೇಶವನ್ನೋ, ವಿದೇಶಿ ಜನರಲ್‌ನದ್ದನ್ನೋ?

ಉತ್ತರ (ದಾವಣಗೆರೆ, ನಿವೃತ್ತ ಸುಬೇದಾರ್):
ಇಬ್ಬರದ್ದನ್ನೂ, ಆದರೆ ಬೇರೆ ಬೇರೆ ವಿಷಯಗಳಲ್ಲಿ. ಬಡ್ತಿ, ಶಿಸ್ತುಕ್ರಮ, ಕೋರ್ಟ್ ಮಾರ್ಷಲ್ ಇವೆಲ್ಲ ಭಾರತೀಯ ಸೇನೆಯ ಕೈಯಲ್ಲೇ ಉಳಿಯುತ್ತವೆ. ಯಾವ ಠಾಣೆ ಕಾಯಬೇಕು, ಎಲ್ಲಿ ಗಸ್ತು ತಿರುಗಬೇಕು ಎಂಬ ಕಾರ್ಯಾಚರಣೆಯ ಹತೋಟಿಯನ್ನಷ್ಟೇ ದೇಶವು ವಿಶ್ವಸಂಸ್ಥೆಗೆ ಒಪ್ಪಿಸುತ್ತದೆ. 1978ರಲ್ಲಿ ರಚನೆಯಾದ ಲೆಬನಾನಿನ ಪಡೆಯಲ್ಲಿ ಆದೇಶವು ನಖೌರಾದ ಕೇಂದ್ರ ಕಚೇರಿಯಿಂದ ಸೆಕ್ಟರ್ ಕಮಾಂಡರಿಗೆ, ಅಲ್ಲಿಂದ ನಮ್ಮದೇ ಕರ್ನಲ್ಲಿಗೆ, ಅವರಿಂದ ಕಂಪನಿಗೆ ಇಳಿಯುತ್ತದೆ. ಆದ್ದರಿಂದ ಆ ಹುಡುಗನ ಕಿವಿಗೆ ಬೀಳುವುದು ಹಿಂದಿಯೇ!

ಉತ್ತರ (ಚಿತ್ರದುರ್ಗ):
ಒಂದು ಸೇರ್ಪಡೆ. ಇಂದಿನ ದೊಡ್ಡ ಕಾರ್ಯಾಚರಣೆಗಳಲ್ಲಿ ಸಾಮಾನ್ಯವಾಗಿ ಪಡೆಯ ಕಮಾಂಡರ್‌ಗಿಂತ ಮೇಲೆ ಮಹಾಕಾರ್ಯದರ್ಶಿಯ ವಿಶೇಷ ಪ್ರತಿನಿಧಿ ಇರುತ್ತಾರೆ; ಆದರೆ ಲೆಬನಾನಿನಲ್ಲಿ ಪಡೆಯ ಕಮಾಂಡರೇ ಇಡೀ ಕಾರ್ಯಾಚರಣೆಯ ಮುಖ್ಯಸ್ಥರೂ ಹೌದು. ಅಂದ ಹಾಗೆ, ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು 1964ರಿಂದ, 1965ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಳ್ಳುವವರೆಗೆ, ಸೈಪ್ರಸ್‌ನಲ್ಲಿ ಬ್ರಿಟನ್, ಕೆನಡಾ, ಸ್ವೀಡನ್ ಮುಂತಾದ ದೇಶಗಳ ಸೈನಿಕರನ್ನು ಮುನ್ನಡೆಸಿದ್ದರು.

ಉತ್ತರ (ಹರಿಹರ):
ಸುಬೇದಾರರು ಹೇಳಿದ್ದು ಕಾಗದದ ಮೇಲಿನ ವ್ಯವಸ್ಥೆ. ಅಪಾಯದ ಆದೇಶ ಬಂದಾಗ ಅನೇಕ ತುಕಡಿಗಳು ಮೊದಲು ತಮ್ಮ ರಾಜಧಾನಿಯನ್ನೇ ಕೇಳುತ್ತವೆ. 2000ದಲ್ಲಿ ಸಿಯೆರಾ ಲಿಯೋನ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಕಮಾಂಡರ್ ಆಗಿದ್ದ ಭಾರತದ ಮೇಜರ್ ಜನರಲ್ ವಿಜಯ್ ಜೇಟ್ಲಿ ಮತ್ತು ನೈಜೀರಿಯಾದ ಹಿರಿಯ ಅಧಿಕಾರಿಗಳ ನಡುವಿನ ವೈಮನಸ್ಯ ಬಹಿರಂಗವಾದ ಬಳಿಕ ಭಾರತವು ತನ್ನ ಸೈನಿಕರನ್ನೇ ಹಿಂದಕ್ಕೆ ಕರೆಸಿಕೊಂಡಿತು. ಆ ಅಧಿಕಾರವನ್ನು ಯಾವ ದೇಶವೂ ಬಿಟ್ಟುಕೊಡುವುದಿಲ್ಲ.