ಡ್ರೂಯಿಡ್‌ಗೆ ಪಿಲಿವೇಷ ಕಟ್ಟಿದರೆ ಕಾಳಗಕ್ಕೆ ಆಗ್ತದಾ?

ಪ್ರಶ್ನೆ (ಬಿಜೈ): ಅಣ್ಣ, ಡಿ ಆಂಡ್ ಡಿ (ಡಂಜನ್ಸ್ ಆಂಡ್ ಡ್ರಾಗನ್ಸ್, ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ಪಾತ್ರಾಭಿನಯದ ಆಟ) ಐದನೇ ಆವೃತ್ತಿ, 2014ರ ನಿಯಮ. ನನ್ನದು ಎರಡನೇ ಲೆವೆಲ್ಲಿನ ಮೂನ್ ಡ್ರೂಯಿಡ್, ಅಂದರೆ ಕಾಳಗದಲ್ಲಿ ಪ್ರಾಣಿಯ ರೂಪ ತಾಳುವ ಮಾಂತ್ರಿಕ. ದಸರಾ ಪಿಲಿವೇಷದ ಮರುಳಿನಲ್ಲಿ ಹುಲಿಯ ರೂಪವನ್ನೇ ಖಾಯಂ ಮಾಡಿದ್ದೇನೆ. ಆದರೆ ಹೊಡೆತ ಸಾಲುವುದಿಲ್ಲ, ಎರಡು ಮೂರು ಸುತ್ತಿಗೆ ವೇಷವೇ ಕಳಚಿ ಬೀಳ್ತದೆ. ಜೊತೆಗೆ ಒಬ್ಬ ಫೈಟರ್, ಬಿಲ್ಲಿನ ರೇಂಜರ್, ವಿಝರ್ಡ್. ನನ್ನ ಸ್ಟ್ರೆಂತ್ 15, ಕಾನ್‌ಸ್ಟಿಟ್ಯೂಶನ್ 12, ವಿಸ್ಡಮ್ 16. ಎಲ್ಲಿ ತಪ್ಪಿದೆ?

ಉತ್ತರ: ಮೊದಲ ತಪ್ಪು ಆ 15 ಸ್ಟ್ರೆಂತ್. ರೂಪ ಬದಲಾದ ಕೂಡಲೇ ಸ್ಟ್ರೆಂತ್ (ಬಲ), ಡೆಕ್ಸ್ (ಚುರುಕು), ಕಾನ್ (ಕಾನ್‌ಸ್ಟಿಟ್ಯೂಶನ್, ಮೈಯ ತಾಳಿಕೆ) ಮೂರೂ ಪ್ರಾಣಿಯದ್ದಾಗ್ತವೆ, ನಿಮ್ಮದಾಗಿ ಉಳಿಯುವುದು ಬುದ್ಧಿ, ವಿಸ್ಡಮ್, ಕರಿಸ್ಮಾ. ಡಿಎಂ (ಆಟ ನಡೆಸುವವರು) ಒಪ್ಪಿದರೆ 15 ಮತ್ತು 12ನ್ನು ಅದಲುಬದಲು ಮಾಡಿ. ಕಾನ್ 15 ಬೆಸ ಸಂಖ್ಯೆ ಇರಲಿ, ಯಾಕೆಂದು ಕೆಳಗೆ ಹೇಳ್ತೇನೆ.

ಎರಡನೆಯದು ಹುಲಿ. ಅದರ ಬಲ ಎಲ್ಲ ಇರುವುದು ನೆಗೆತದಲ್ಲಿ. ನೇರಕ್ಕೆ 20 ಅಡಿ ಓಡಿ ಉಗುರು ತಾಗಿಸಬೇಕು, ಎದುರಾಳಿ ಡಿಸಿ 13ರ ಸ್ಟ್ರೆಂತ್ ಸೇವ್ (ದಾಳಕ್ಕೆ ಬಲದ ಅಂಕ ಕೂಡಿಸಿ 13 ಮುಟ್ಟಬೇಕಾದ ಪರೀಕ್ಷೆ) ಸೋತು ನೆಲಕ್ಕೆ ಬೀಳಬೇಕು, ಆಗ ಬೋನಸ್ ಆಕ್ಷನ್‌ನಲ್ಲಿ (ಸರದಿಗೆ ಒಂದೇ ಸಿಗುವ ಚಿಕ್ಕ ಹೆಚ್ಚುವರಿ ಕ್ರಿಯೆ) ಒಂದು ಕಚ್ಚುವಿಕೆ ಸಿಗ್ತದೆ. ಮೂನ್ ಡ್ರೂಯಿಡ್ ರೂಪ ಬದಲಿಸುವುದೂ ಅದೇ ಬೋನಸ್ ಆಕ್ಷನ್‌ನಲ್ಲಿ! ಅಂದರೆ ವೇಷ ಕಟ್ಟಿದ ಸುತ್ತಿನಲ್ಲಿ ಆ ಕಚ್ಚುವಿಕೆ ಇಲ್ಲವೇ ಇಲ್ಲ. ಮುಂದಿನ ಸುತ್ತಿನಲ್ಲಿ ಮತ್ತೆ ನೆಗೆಯಲು 20 ಅಡಿ ಹಿಂದೆ ಸರಿದರೆ ಎದುರಾಳಿಗೆ ಪುಕ್ಕಟೆ ಒಂದು ಏಟು. ಹಾಗೆಂದು ಅಲ್ಲೇ ನಿಂತರೆ ಸುತ್ತಿಗೆ ಒಂದೇ ದಾಳಿ. ಕಚ್ಚುವಿಕೆ 1ಡಿ10+3 (ಹತ್ತು ಮುಖದ ಒಂದು ದಾಳ, ಮೇಲೆ 3), ಸರಾಸರಿ 8.5.

ಅದೇ ಸಿಆರ್ (ಪ್ರಾಣಿಯ ಬಲದ ದರ್ಜೆ) 1ರ ಕಂದು ಕರಡಿ ನೋಡಿ. ಪ್ರತಿ ಸುತ್ತಿಗೂ ಎರಡು ದಾಳಿ: ಕಚ್ಚಲು 1ಡಿ8+4, ಪರಚಲು 2ಡಿ6+4. ಎರಡೂ ತಾಗಿದರೆ ಸರಾಸರಿ 19.5. ಎಚ್‌ಪಿ (ಏಟು ತಾಳುವ ಅಂಕ) 34, ಹುಲಿಗಿಂತ ಮೂರೇ ಕಡಿಮೆ. ಎಸಿ (ಏಟು ತಾಗಲು ಶತ್ರು ಮುಟ್ಟಬೇಕಾದ ಅಂಕ) ಮಾತ್ರ ದರಿದ್ರ, ಬರೀ 11. ದಾಳಿಗೆ +4 ಇರುವ ಶತ್ರು ಕರಡಿಗೆ ನೂರಕ್ಕೆ 70 ಸಲ ಹೊಡೀತಾನೆ, ಎಸಿ 14ರ ಡೈರ್ ವುಲ್ಫಿಗಾದರೆ 55 ಸಲ. ಈ ತೋಳಕ್ಕೆ ಎಚ್‌ಪಿ 37. ಶತ್ರುವಿನ 5 ಅಡಿಯೊಳಗೆ ನಿಮ್ಮ ಫೈಟರ್ ಇದ್ದರೆ ದಾಳಿಗೆ ಅಡ್ವಾಂಟೇಜ್ ಉಂಟು (ಎರಡು ದಾಳ ಹಾಕಿ ದೊಡ್ಡದನ್ನು ಹಿಡಿಯುವುದು, ಡಿಸ್‌ಅಡ್ವಾಂಟೇಜ್ ಆದರೆ ಚಿಕ್ಕದನ್ನು). ತಾಗಿ ಶತ್ರು ಸ್ಟ್ರೆಂತ್ ಸೇವ್ ಸೋತರೆ ಅವನನ್ನು ಕೆಡವುತ್ತದೆ ಕೂಡ, ಆದರೆ ಇಲ್ಲೊಂದು ಎಡವಟ್ಟು: ನೆಲಕ್ಕೆ ಬಿದ್ದವನಿಗೆ ದೂರದಿಂದ ಬಾಣ ಬಿಡುವವರಿಗೆ ಡಿಸ್‌ಅಡ್ವಾಂಟೇಜ್. ನಿಮ್ಮ ರೇಂಜರ್ ಬೈದರೆ ಅವರದ್ದು ತಪ್ಪಲ್ಲ! ಆದ್ದರಿಂದ ಶತ್ರು ಒಬ್ಬನೇ ಇದ್ದು ಬಿಲ್ಲೂ ಅವನ ಮೇಲೇ ಇದ್ದರೆ ಕರಡಿ, ಗುಂಪಾಗಿ ಬಂದರೆ ತೋಳ. 5 ಅಡಿ ಅಗಲದ ಓಣಿಯಲ್ಲಿ ಎರಡೂ ಬೇಡ. ಎರಡೂ ದೊಡ್ಡ ಗಾತ್ರದವು, ಮೈ ಒತ್ತಿಕೊಂಡು ನುಗ್ಗಿದರೆ ನಿಮ್ಮ ದಾಳಿಗೆ ಡಿಸ್‌ಅಡ್ವಾಂಟೇಜ್, ನಿಮ್ಮ ಮೇಲಿನ ದಾಳಿಗೆ ಅಡ್ವಾಂಟೇಜ್.

ಇನ್ನು ಕ್ರಮ. ವೇಷ ಹಾಕಿದ ಮೇಲೆ ಮಂತ್ರ ಬಿಡಲಿಕ್ಕೆ ಆಗುವುದಿಲ್ಲ, ಆದರೆ ಮೊದಲೇ ಬಿಟ್ಟದ್ದರ ಕಾನ್ಸಂಟ್ರೇಶನ್ (ಮಂತ್ರವನ್ನು ಹಿಡಿದಿಡುವ ಏಕಾಗ್ರತೆ) ಮುರಿಯುವುದಿಲ್ಲ. ಹಾಗಾಗಿ ಮೊದಲ ಸುತ್ತಿನ ಆಕ್ಷನ್‌ನಲ್ಲಿ ಫೇರಿ ಫೈರ್ (ಶತ್ರುಗಳ ಮೈ ಬೆಳಗಿಸಿ ಅವರ ಮೇಲಿನ ದಾಳಿಗೆ ಅಡ್ವಾಂಟೇಜ್ ಕೊಡುವ ಮಂತ್ರ), ಅದೇ ಸುತ್ತಿನ ಬೋನಸ್ ಆಕ್ಷನ್‌ನಲ್ಲಿ ಕರಡಿ. ಫೈಟರ್ ನುಗ್ಗುವ ಮೊದಲೇ ಬಿಡಿ, 20 ಅಡಿಯ ಆ ಚೌಕದೊಳಗೆ ನಮ್ಮವರು ಇದ್ದರೆ ಅವರೂ ಬೆಳಗಿಯಾರು. ಏಟು ಬಿದ್ದಾಗಲೆಲ್ಲ ಡಿಸಿ 10 ಅಥವಾ ಏಟಿನ ಅರ್ಧ, ಯಾವುದು ಹೆಚ್ಚೋ ಅದಕ್ಕೆ ಕಾನ್ ಸೇವ್, ಸೋತರೆ ಆ ಮಂತ್ರ ಹೋಯಿತು. ಕರಡಿಗೆ +3 ಉಂಟು, ಸಾಲುವುದಿಲ್ಲ. ನಾಲ್ಕನೇ ಲೆವೆಲ್ಲಿಗೆ ಆರಿಸಬಹುದಾದ ವಿಶೇಷ ಗುಣ, ರೆಸಿಲಿಯಂಟ್ ಫೀಟ್‌ನಲ್ಲಿ ಕಾನ್ ತೆಗೆದುಕೊಳ್ಳಿ: ನಿಮ್ಮ 15 ಹೋಗಿ 16 ಆಗ್ತದೆ, ಸೇವ್‌ನ ಪ್ರೊಫಿಶಿಯೆನ್ಸಿ (ಪಳಗಿದ್ದಕ್ಕೆ ಸಿಗುವ ಹೆಚ್ಚುವರಿ ಅಂಕ) ಪ್ರಾಣಿಯ ಮೈಗೂ ಬರ್ತದೆ.

ಪ್ರಶ್ನೆ (ಮಣಿಪಾಲ): ವೇಷದಲ್ಲಿರುವಾಗ ಸ್ಪೆಲ್ ಸ್ಲಾಟ್ (ಮಂತ್ರ ಬಿಡಲು ಇರುವ ಲೆಕ್ಕದ ಅವಕಾಶ) ಸುಟ್ಟು ಎಚ್‌ಪಿ ತುಂಬಿಸಿಕೊಳ್ಳಬಹುದಲ್ಲ? ಮತ್ತೆ ಒಂದು ಲೆವೆಲ್ ಬಾರ್ಬೇರಿಯನ್ (ರೋಷದಿಂದ ಕಾದುವ ಯೋಧ) ಸೇರಿಸಿದರೆ?

ಉತ್ತರ: ಬಹುದು, ಆದರೆ ಒಂದನೇ ಸ್ಲಾಟಿಗೆ 1ಡಿ8, ಸರಾಸರಿ 4.5. ಕರಡಿಗೆ 5 ಎಚ್‌ಪಿ ಉಳಿದಾಗ ಅದಕ್ಕೆ ಸ್ಲಾಟ್ ಸುರಿಯುವುದು ತೂತು ಕೊಡಪಾನಕ್ಕೆ ನೀರು ಹೊಯ್ದ ಹಾಗೆ. ಸಾಯಲಿ ಬಿಡಿ. 12ರ ಏಟು ಬಿದ್ದರೆ ಹೆಚ್ಚುವರಿ 7 ಮಾತ್ರ ನಿಮ್ಮ ಸ್ವಂತ ಮೈಗೆ ತಾಗ್ತದೆ. ಮುಂದಿನ ಸರದಿಯಲ್ಲಿ ಎರಡನೇ ವೇಷ, ಪೂರ್ತಿ 34. ಸ್ಲಾಟ್ ಸುಡುವುದು ಎರಡೂ ವೇಷ ಮುಗಿಯುತ್ತಾ ಬಂದಾಗ. ಎರಡೂ ಮರಳಿ ಬರಲು ಒಂದು ತಾಸಿನ ಶಾರ್ಟ್ ರೆಸ್ಟ್ ಸಾಕು, ಅದನ್ನು ಗುಂಪಿನ ಹತ್ತಿರ ಹಟ ಹಿಡಿದು ಕೇಳಿ.

ಬಾರ್ಬೇರಿಯನ್ ಕಾಗದದಲ್ಲಿ ಚೆಂದ. ರೇಜ್ (ರೋಷ) ಇದ್ದರೆ ಸಾಮಾನ್ಯ ಆಯುಧದ ಏಟು ಅರ್ಧ, ಕರಡಿಯ 34 ಎಚ್‌ಪಿ 68ರ ಹಾಗೆ ಬಾಳಿಕೆ ಬರ್ತದೆ. ಆದರೆ ರೇಜ್‌ಗೂ ಬೋನಸ್ ಆಕ್ಷನ್, ವೇಷಕ್ಕೂ ಅದೇ. ತಯಾರಾಗಲಿಕ್ಕೇ ಎರಡು ಸುತ್ತು. ರೇಜ್‌ನಲ್ಲಿ ಕಾನ್ಸಂಟ್ರೇಶನ್ ಇಲ್ಲ, ಆದ್ದರಿಂದ ಫೇರಿ ಫೈರೂ ಹೋಯಿತು. ಮೇಲಿಂದ ಡ್ರೂಯಿಡ್ ಲೆವೆಲ್ ಒಂದು ಹಿಂದೆ ಬೀಳ್ತದೆ. ಸಿಆರ್ 2ರ ಪ್ರಾಣಿ ಆರನೇ ಡ್ರೂಯಿಡ್ ಲೆವೆಲ್ಲಿಗೆ, ಸಿಆರ್ 3 ಒಂಬತ್ತಕ್ಕೆ. ನನ್ನ ಸಲಹೆ ಬೇಡ ಎಂದೇ.

ಐದನೇ ಲೆವೆಲ್ ಸ್ವಲ್ಪ ಸಂಕಟ. ಫೈಟರ್‌ಗೆ ಎರಡನೇ ದಾಳಿ ಸಿಕ್ಕಿರ್ತದೆ, ನೀವಿನ್ನೂ ಹಳೇ ಕರಡಿ. ಆಗ ಕಂಜ್ಯೂರ್ ಆ್ಯನಿಮಲ್ಸ್ ಎಂಬ ಪ್ರಾಣಿ ಕರೆಯುವ ಮಂತ್ರ ಪ್ರಯೋಗಿಸಿ ಆಮೇಲೆ ವೇಷ ಹಾಕಿ, ಆದರೆ ಸಿಆರ್ 1ರ ಎರಡು ಪ್ರಾಣಿ ಸಾಕು. ಎಂಟು ತೋಳ ಕರೆದರೆ ಉಳಿದವರು ಚಾ ಕುಡಿದು ಬಂದರೂ ನಿಮ್ಮ ಸರದಿ ಮುಗಿಯುವುದಿಲ್ಲ. ಆರಕ್ಕೆ ಜಯಂಟ್ ಕನ್‌ಸ್ಟ್ರಿಕ್ಟರ್ ಹಾವು ಬರ್ತದೆ, ಎಚ್‌ಪಿ 60. ಹಿಡಿದದ್ದನ್ನು ಬಿಡುವ ಜಾತಿ ಅಲ್ಲ.

ಪ್ರಶ್ನೆ (ಕುಂದಾಪುರ): ನಮ್ಮ ಮೇಜಿನಲ್ಲಿ 2024ರ ನಿಯಮ. ಈ ಲೆಕ್ಕ ನಡೀತದಾ?

ಉತ್ತರ: ಇಲ್ಲ. ಅದರಲ್ಲಿ ಪ್ರಾಣಿಯ ಎಚ್‌ಪಿ ಬರುವುದೇ ಇಲ್ಲ. ಸ್ವಂತ ಎಚ್‌ಪಿ ಹಾಗೇ ಉಳಿದು ಮೇಲೆ ಡ್ರೂಯಿಡ್ ಲೆವೆಲ್ಲಿನ ಮೂರು ಪಟ್ಟು ಟೆಂಪರರಿ ಎಚ್‌ಪಿ. ಎಸಿ ಕನಿಷ್ಠ 13ಕ್ಕೆ ವಿಸ್ಡಮ್ ಮಾಡಿಫೈಯರ್ ಕೂಡಿಸಿದಷ್ಟು, ವಿಸ್ಡಮ್ 16 ಇದ್ದರೆ ಅದು +3, ಅಂದರೆ ಎಸಿ 16. ಅಲ್ಲಿ ವಿಸ್ಡಮ್ ಏರಿಸಿದಷ್ಟೂ ಲಾಭ, ಪ್ರಾಣಿಯನ್ನು ದಾಳಿ ನೋಡಿ ಮಾತ್ರ ಆರಿಸಿ. ಶಾರ್ಟ್ ರೆಸ್ಟಿಗೆ ವೇಷ ಒಂದೇ ಮರಳುವುದು. ಮೂನ್ ಡ್ರೂಯಿಡ್ ಆಗುವುದೂ ಮೂರನೇ ಲೆವೆಲ್ಲಿಗೆ.

ಪ್ರಶ್ನೆ (ಬಿಜೈ): ಹಾಗಾದರೆ ಹುಲಿಯನ್ನು ಬಿಡ್ಲೇಬೇಕಾ ಅಣ್ಣ?

ಉತ್ತರ: ಯಾಕೆ ಬಿಡುವುದು ಮಾರಾಯ್ರೆ. ಕರಡಿಯ ಅಂಕಿಗಳಿಗೆ ಹಳದಿ ಕಪ್ಪು ಪಟ್ಟೆ ಬಳಿಯಲಿಕ್ಕೆ ಡಿಎಂ ಹತ್ತಿರ ಕೇಳಿ: ಎಸಿ 11, ಎಚ್‌ಪಿ 34, ಎರಡು ದಾಳಿ, ನೆಗೆತ ಇಲ್ಲ. ಹೆಚ್ಚಿನವರು ಒಪ್ತಾರೆ. ಒಪ್ಪದಿದ್ದರೆ ನಿಜವಾದ ಹುಲಿಯನ್ನು ಬಾಗಿಲು ಒಡೆಯುವ ಮೊದಲೇ ಕಟ್ಟಿಕೊಳ್ಳಿ. ಎರಡನೇ ಲೆವೆಲ್ಲಿನಲ್ಲಿ ವೇಷ ಒಂದು ತಾಸು ನಿಲ್ತದೆ. ಬೋನಸ್ ಆಕ್ಷನ್ ಕೈಯಲ್ಲಿದ್ದೇ ಒಳಗೆ ನೆಗೆಯಬಹುದು. ಅದು ಸತ್ತ ಮೇಲೆ ಎರಡನೆಯದು ಕರಡಿ.