ಐದು ಗಂಟೆ ಹೊಟ್ಟೆ ತಡೆಯಬೇಕು, ಬೆಳಿಗ್ಗೆ ಏನು ತಿನ್ನಲಿ?

ಬೆಳಗಿನಪಾಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಆಪರೇಷನ್ ಥಿಯೇಟರ್‌ನಲ್ಲಿ ಸ್ಕ್ರಬ್ ನರ್ಸ್, ಅಂದರೆ ಸರ್ಜನ್ ಪಕ್ಕ ನಿಂತು ಉಪಕರಣ ಕೊಡುವವಳು. ಬೆಳಿಗ್ಗೆ ಆರಕ್ಕೆ ತಿಂಡಿ ಮುಗಿಸಿ ಮನೆ ಬಿಡುತ್ತೇನೆ. ಮೊದಲ ಕೇಸ್ ಎಂಟಕ್ಕೆ ಶುರು. ಒಮ್ಮೆ ಕೈ ತೊಳೆದು, ಗೌನು ಗ್ಲೌಸ್ ಹಾಕಿಕೊಂಡು ನಿಂತರೆ ಆಮೇಲೆ ಟೇಬಲ್ ಬಿಟ್ಟು ಕದಲುವ ಹಾಗಿಲ್ಲ. ದೊಡ್ಡ ಕೇಸ್ ಆದರೆ ಮುಗಿಯುವಾಗ ಹನ್ನೊಂದು ದಾಟಿರುತ್ತದೆ.

ಒಂಬತ್ತೂವರೆ ಹೊತ್ತಿಗೆ ನನ್ನ ಹೊಟ್ಟೆ ತಾಳ ಹಾಕಲು ಶುರು. ಹೊಲಿಗೆ ಹಾಕುವ ಮುಂಚೆ ರಕ್ತ ಒರೆಸುವ ಗಾಜ್ ಬಟ್ಟೆ, ಸೂಜಿ, ಕತ್ತರಿ, ಕ್ಲಾಂಪ್ ಎಲ್ಲವನ್ನೂ ಜೋರಾಗಿ ಎಣಿಸಬೇಕು. ಶುರುವಿನಲ್ಲಿ ಬರೆದ ಲೆಕ್ಕಕ್ಕೆ ಅದು ತಾಳೆಯಾಗಬೇಕು, ಒಳಗೆ ಏನೂ ಉಳಿಯಬಾರದಲ್ಲ. ಆ ಹೊತ್ತಿನಲ್ಲಿ ಗಮನ ಹಸಿವಿನ ಕಡೆ ಹೋಗಲೇಬಾರದು. ನಮ್ಮನ್ನು ನಂಬಿ ಒಬ್ಬರು ಮಲಗಿರುತ್ತಾರೆ.

ಸದ್ಯಕ್ಕೆ ನನ್ನ ತಿಂಡಿ ಎರಡು ಸ್ಲೈಸ್ ಬಿಳಿ ಬ್ರೆಡ್, ಜಾಮ್, ಒಂದು ಲೋಟ ಹಣ್ಣಿನ ಜ್ಯೂಸ್. ಒಬ್ಬರು ಮೊಟ್ಟೆ ತಿನ್ನು ಅನ್ನುತ್ತಾರೆ. ಇನ್ನೊಬ್ಬರು ಬೆಣ್ಣೆ ದಪ್ಪಗೆ ಸವರಿಕೋ ಅನ್ನುತ್ತಾರೆ. ಬಾಳೆಹಣ್ಣು ಸಾಕು ಅನ್ನುವವರೂ ಇದ್ದಾರೆ. ನಿಜವಾಗಿ ಹೆಚ್ಚು ಹೊತ್ತು ನಿಲ್ಲುವುದು ಯಾವುದು? ಎರಡು ವಿಷಯ ಗಮನದಲ್ಲಿರಲಿ. ತಿಂದದ್ದು ಭಾರವಾಗಿ ತೂಕಡಿಕೆ ಬರಬಾರದು. ನಡುವೆ ಬಾತ್‌ರೂಮಿಗೆ ಹೋಗಲೂ ಆಗುವುದಿಲ್ಲ.

ತಟ್ಟೆಲೆಕ್ಕ

ಮೇಡಂ, ನಾನು ಡಯಟಿಷಿಯನ್. ಹಸಿವು ತಡೆಯಲ್ಲ ಅನ್ನುವ ಮಾತನ್ನು ದಿನಾ ಕೇಳುತ್ತೇನೆ. ಹೆಚ್ಚಿನವರು ಅದನ್ನು ತಮ್ಮ ಮನಸ್ಸಿನ ದೌರ್ಬಲ್ಯ ಅಂದುಕೊಳ್ಳುತ್ತಾರೆ. ಹಾಗಲ್ಲ, ತಟ್ಟೆಯಲ್ಲಿ ಏನಿತ್ತು ಅನ್ನುವುದರ ಮೇಲೆ ತುಂಬಾ ನಿಂತಿದೆ. ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೀವು ಕೇಳಿದ್ದನ್ನೇ ನೇರವಾಗಿ ಅಳೆದು ನೋಡಿದವರಿದ್ದಾರೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನ್ನಾ ಹೋಲ್ಟ್ ಮತ್ತು ಸಂಗಡಿಗರು 38 ಬಗೆಯ ಆಹಾರ ತೆಗೆದುಕೊಂಡರು. ಯಾವುದೇ ಆಗಲಿ, ಕೊಟ್ಟದ್ದು ಸುಮಾರು 240 ಕ್ಯಾಲೊರಿಯಷ್ಟೇ. ತಿಂದವರು ಎರಡು ಗಂಟೆ ಕೂತು, 15 ನಿಮಿಷಕ್ಕೊಮ್ಮೆ, ಹೊಟ್ಟೆ ಎಷ್ಟು ತುಂಬಿದಂತಿದೆ ಎಂದು ಗುರುತು ಹಾಕಬೇಕು. ಬಿಳಿ ಬ್ರೆಡ್‌ಗೆ 100 ಅಂಕ ಅಂತ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅದರ ಜೊತೆ ಹೋಲಿಸಿದರು.

ಬೇಯಿಸಿದ ಆಲೂಗಡ್ಡೆಗೆ ಬಂದದ್ದು 323. ಅದರ ಹತ್ತಿರಕ್ಕೂ ಬೇರೆ ಯಾವುದೂ ಬರಲಿಲ್ಲ. ಮೀನಿಗೆ 225, ಓಟ್ಸ್ ಗಂಜಿಗೆ 209, ಕಿತ್ತಳೆಗೆ 202, ಸೇಬಿಗೆ 197. ಮೊಟ್ಟೆಗೆ 150, ಬಾಳೆಹಣ್ಣಿಗೆ 118. ಕಡಲೆಕಾಯಿ 84ಕ್ಕೆ ನಿಂತಿತು, ಕೇಕ್ 65ಕ್ಕೆ. ಎಲ್ಲಕ್ಕಿಂತ ಕೊನೆಗೆ ಕ್ರುವಾಸಾನ್ ಅನ್ನುವ ಬೆಣ್ಣೆ ತುಂಬಿದ ಪದರ ಪದರದ ಬನ್, 47.

ಆಲೂಗಡ್ಡೆ ಗೆದ್ದದ್ದು ಯಾಕೆ? ಒಮ್ಮೆ ತೂಗಿ ನೋಡಿ. 240 ಕ್ಯಾಲೊರಿ ಬರಬೇಕಾದರೆ ಬೇಯಿಸಿದ ಆಲೂಗಡ್ಡೆ 300 ಗ್ರಾಂ ಆಸುಪಾಸು ಬೇಕು. ತಟ್ಟೆ ತುಂಬುತ್ತದೆ. ಅಷ್ಟೇ ಕ್ಯಾಲೊರಿ ಕ್ರುವಾಸಾನ್‌ನಲ್ಲಿ 60 ಗ್ರಾಂಗೆ ಬಂದುಬಿಡುತ್ತದೆ, ನಾಲ್ಕೈದು ತುತ್ತಿಗೆ ಮುಗಿಯಿತು. ಜಠರದ ಗೋಡೆ ಹಿಗ್ಗಿದಾಗ ವೇಗಸ್ ನರದ ಮೂಲಕ ಮೆದುಳಿಗೆ ಸುದ್ದಿ ಹೋಗುತ್ತದೆ. ಆ ಗೋಡೆಗೆ ಗೊತ್ತಾಗುವುದು ಗಾತ್ರ. ಕ್ಯಾಲೊರಿ ಲೆಕ್ಕ ಅದಕ್ಕೆ ಗೊತ್ತಿಲ್ಲ. ಅದಕ್ಕೇ ನಾನು ಯಾರಿಗೇ ಆಗಲಿ ಮೊದಲು ಹೇಳುವುದು ಇದನ್ನು: ಅಷ್ಟೇ ಕ್ಯಾಲೊರಿಗೆ ಯಾವುದು ಜಾಸ್ತಿ ತೂಗುತ್ತದೆ, ಯಾವುದನ್ನು ಜಾಸ್ತಿ ಅಗಿಯಬೇಕು, ಅದನ್ನು ಆರಿಸಿಕೊಳ್ಳಿ.

ಆದರೆ ನಿಮಗೆ ಬರೀ ಆಲೂಗಡ್ಡೆ ತಿನ್ನಿ ಅಂತ ನಾನು ಹೇಳುವುದಿಲ್ಲ. ಆ ಪರೀಕ್ಷೆ ನೋಡಿದ್ದು ಎರಡೇ ಗಂಟೆ. ಒಂದೊಂದು ಆಹಾರವನ್ನು ತಿಂದು ನೋಡಿದವರು ಹನ್ನೊಂದರಿಂದ ಹದಿಮೂರು ಜನ, ಅಷ್ಟೆ. ನಿಮಗೆ ಬೇಕಾದದ್ದು ಐದು ಗಂಟೆ. ಗಾತ್ರ ಕೊಡುವ ನೆಮ್ಮದಿ ಜಠರ ಖಾಲಿಯಾಗುತ್ತಾ ಹೋದ ಹಾಗೆ ಇಳಿಯುತ್ತದೆ. ಆಮೇಲಿನ ಹೊತ್ತನ್ನು ಕಾಯುವುದು ಪ್ರೋಟೀನ್ ಮತ್ತು ನಾರು. ಪ್ರೋಟೀನ್ ಸಣ್ಣ ಕರುಳಿಗೆ ಇಳಿದಾಗ ಅಲ್ಲಿಂದ ಜಿಎಲ್‌ಪಿ-1, ಪಿವೈವೈ ಅನ್ನುವ ಹಾರ್ಮೋನುಗಳು ಹೊರಡುತ್ತವೆ, ಹಸಿವನ್ನು ತಗ್ಗಿಸುತ್ತವೆ. ಓಟ್ಸ್‌ನಲ್ಲಿರುವ ಬೀಟಾ ಗ್ಲೂಕನ್ ಅನ್ನುವ ನಾರು ಹೊಟ್ಟೆಯೊಳಗೆ ಲೋಳೆಯಂತಾಗಿ ಎಲ್ಲವನ್ನೂ ನಿಧಾನ ಮಾಡುತ್ತದೆ.

ಈಗ ನಿಮ್ಮ ತಟ್ಟೆಗೆ ಬರೋಣ. ಬಿಳಿ ಬ್ರೆಡ್, ಜಾಮ್, ಜ್ಯೂಸ್. ಮೂರರಲ್ಲೂ ನಾರು ಕಡಿಮೆ, ಪ್ರೋಟೀನ್ ಕಡಿಮೆ, ಅಗಿಯುವ ಕೆಲಸ ಇನ್ನೂ ಕಡಿಮೆ. ಒಂಬತ್ತೂವರೆಗೆ ಹಸಿವಾಗುವುದರಲ್ಲಿ ಆಶ್ಚರ್ಯವೇ ಇಲ್ಲ. ಅದರ ಬದಲು ಸಿಪ್ಪೆ ಸಮೇತ ಬೇಯಿಸಿದ ಎರಡು ಸಾಧಾರಣ ಗಾತ್ರದ ಆಲೂಗಡ್ಡೆ, ಎರಡು ಬೇಯಿಸಿದ ಮೊಟ್ಟೆ, ಒಂದು ಸೇಬು ತಿಂದು ನೋಡಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ಒಂದು ಬಟ್ಟಲು ಗಟ್ಟಿ ಮೊಸರು ಸೇರಿಸಿದರೆ ಇನ್ನೂ ಒಳ್ಳೆಯದು. ಆಲೂಗಡ್ಡೆಯನ್ನು ಹಿಂದಿನ ರಾತ್ರಿಯೇ ಬೇಯಿಸಿ ಫ್ರಿಜ್‌ನಲ್ಲಿಡಬಹುದು. ತಣ್ಣಗಾದಾಗ ಅದರ ಪಿಷ್ಟದಲ್ಲಿ ಒಂದಿಷ್ಟು ಬೇಗ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ. ಅದು ನಾರಿನ ಹಾಗೆ ಕೆಲಸ ಮಾಡುತ್ತದೆ.

ಸಕ್ಕರೆ ಕಾಯಿಲೆ ಇರುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಆಲೂಗಡ್ಡೆ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ನಿಮ್ಮ ಡಾಕ್ಟರನ್ನು ಕೇಳದೆ ಈ ಅಳತೆ ಹಿಡಿಯಬೇಡಿ.

ದೂರದಾರಿ

ಬೆಣ್ಣೆ, ಕಡಲೆಕಾಯಿಗೆ ಇಷ್ಟು ಕಡಿಮೆ ಅಂಕ ಅಂದರೆ ನನಗೆ ಒಪ್ಪಲು ಕಷ್ಟ. ನಾನು ಲಾರಿ ಓಡಿಸುತ್ತೇನೆ. ಕೊಬ್ಬಿನಂಶ ಇರುವ ಊಟ ಮಾಡಿ ಹೊರಟ ದಿನ ಮಧ್ಯಾಹ್ನದವರೆಗೆ ಏನೂ ಬೇಡ ಅನ್ನಿಸುತ್ತದೆ. ಕೊಬ್ಬು ನಿಧಾನಕ್ಕೆ ಕರಗುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ?

ತಟ್ಟೆಲೆಕ್ಕ

ಸರ್, ನಿಮ್ಮ ಅನುಭವ ಸುಳ್ಳಲ್ಲ. ಕೊಬ್ಬು ಇದ್ದರೆ ಜಠರ ಖಾಲಿಯಾಗುವುದು ನಿಧಾನ, ಇದು ಖಂಡಿತ. ಆದರೆ ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪ್ರೋಟೀನ್ ಅಥವಾ ಪಿಷ್ಟದಲ್ಲಿ 4. ಕೊಬ್ಬಿನ ಊಟ ಹೆಚ್ಚು ಹೊತ್ತು ತಡೆದಾಗ, ಹೆಚ್ಚಾಗಿ ನಾವು ಒಟ್ಟಾರೆ ಜಾಸ್ತಿಯೇ ತಿಂದಿರುತ್ತೇವೆ. ಸಿಡ್ನಿಯವರು ಕ್ಯಾಲೊರಿಯನ್ನು ಸಮ ಮಾಡಿದ್ದರಿಂದ ಆ ವ್ಯತ್ಯಾಸ ಎದ್ದು ಕಂಡಿತು.

ಇನ್ನೊಂದು ಸಂಗತಿ ಇದೆ. ಊಟವನ್ನು ಎಲ್ಲಿ ನಿಲ್ಲಿಸುತ್ತೇವೆ ಅನ್ನುವುದು ಬೇರೆ, ಮತ್ತೆ ಯಾವಾಗ ಹಸಿವಾಗುತ್ತದೆ ಅನ್ನುವುದು ಬೇರೆ. ಎಣ್ಣೆ, ಬೆಣ್ಣೆ, ಮೈದಾ ಸೇರಿದ ಮೆತ್ತನೆ ತಿಂಡಿ ಬಾಯಲ್ಲಿ ಕರಗುತ್ತದೆ. ಸಾಕು ಅನ್ನುವ ಸುದ್ದಿ ತಲೆಗೆ ಮುಟ್ಟುವ ಮುಂಚೆಯೇ ತಟ್ಟೆ ಖಾಲಿ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅವರ ತಂಡ 20 ಜನರನ್ನು ಒಳಗೇ ಇರಿಸಿಕೊಂಡು ಪರೀಕ್ಷೆ ಮಾಡಿತು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಸಿದ್ಧ ಆಹಾರ, ಎರಡು ವಾರ ಅಷ್ಟಾಗಿ ಸಂಸ್ಕರಿಸದ ಆಹಾರ. ಎಷ್ಟು ಬೇಕಾದರೂ ತಿನ್ನಬಹುದು. ಎರಡರಲ್ಲೂ ಕೊಟ್ಟ ಸಕ್ಕರೆ, ಕೊಬ್ಬು, ನಾರು ಹೆಚ್ಚುಕಡಿಮೆ ಒಂದೇ. ಸಿದ್ಧ ಆಹಾರ ಇದ್ದಾಗ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಬೇಗ ಬೇಗನೂ ತಿಂದರು.

ಹಾಗಂತ ಕಡಲೆಕಾಯಿ ಬಿಡಬೇಡಿ. ಒಂದು ಹಿಡಿ ಕಡಲೆಕಾಯಿಯನ್ನು ಹಣ್ಣಿನ ಜೊತೆ ತಿಂದರೆ ಚೆನ್ನಾಗಿ ನಿಲ್ಲುತ್ತದೆ. ಅದೊಂದನ್ನೇ ಹೊಟ್ಟೆ ತುಂಬಾ ತಿನ್ನಲು ಹೋದರೆ ಲೆಕ್ಕ ತಪ್ಪುತ್ತದೆ.

ಕರಿಹಲಗೆ

ನಾನು ಶಾಲೆಯಲ್ಲಿ ಪಾಠ ಮಾಡುವವಳು. ಬೆಳಿಗ್ಗೆ ಬಿಡುವಿಲ್ಲದೆ ನಿಂತೇ ಇರುತ್ತೇನೆ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಜ್ಯೂಸ್ ಒಂದನ್ನು ಬಿಟ್ಟು ಅದರ ಬದಲು ಹಣ್ಣನ್ನೇ ತಿನ್ನಿ, ಅಷ್ಟರಲ್ಲೇ ಫರಕು ಗೊತ್ತಾಗುತ್ತದೆ. ಸೇಬಿನ ಮೇಲೆ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು 2009ರಲ್ಲಿ ಮಾಡಿದ ಪ್ರಯೋಗ ಓದಿದ್ದೆ. ಊಟಕ್ಕೆ ಮುಂಚೆ ಕೆಲವು ಸಲ ಸೇಬಿನ ಹೋಳು, ಕೆಲವು ಸಲ ಸೇಬು ಬೇಯಿಸಿ ನುಣ್ಣಗೆ ಮಾಡಿದ್ದು, ಕೆಲವು ಸಲ ಜ್ಯೂಸ್ ಕೊಟ್ಟರು. ಕ್ಯಾಲೊರಿ ಎಲ್ಲದರಲ್ಲೂ ಒಂದೇ. ಏನೂ ಕೊಡದ ದಿನಕ್ಕೆ ಹೋಲಿಸಿದರೆ, ಹೋಳು ತಿಂದ ದಿನ ಸೇಬೂ ಸೇರಿ ಒಟ್ಟು 15 ಶೇಕಡದಷ್ಟು ಕಡಿಮೆ ತಿಂದರು. ಜ್ಯೂಸ್‌ಗೆ ನಾರು ಬೆರೆಸಿ ಕೊಟ್ಟರೂ ಹೋಳಿನಷ್ಟು ಕೆಲಸ ಮಾಡಲಿಲ್ಲ. ಹಲ್ಲಿಗೆ ಕೆಲಸ ಕೊಡಬೇಕು ಅಂತ ನನಗೆ ಅವತ್ತಿನಿಂದ ನಂಬಿಕೆ.

ನಿಶಾಚರಿ

ನಿದ್ದೆ ಬಗ್ಗೆ ಯಾರೂ ಹೇಳಲಿಲ್ಲ. ನಾನೂ ಪಾಳಿಯಲ್ಲಿ ಕೆಲಸ ಮಾಡುತ್ತೇನೆ. ಕಡಿಮೆ ಮಲಗಿದ ಮಾರನೇ ದಿನ ಏನು ತಿಂದರೂ ಸಾಲದು. ಇದು ಬರೀ ಭ್ರಮೆ ಅಲ್ಲವಂತೆ. 2004ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ 12 ಜನ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದ್ದರು. ಹಸಿವು ಹೆಚ್ಚಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಏರಿತ್ತು, ತಗ್ಗಿಸುವ ಲೆಪ್ಟಿನ್ ಅನ್ನುವ ಹಾರ್ಮೋನು ಇಳಿದಿತ್ತು. ಆರಕ್ಕೆ ತಿಂಡಿ ಮುಗಿಸುತ್ತೀರಿ ಅಂದರೆ ಏಳುವುದು ಐದಕ್ಕಾದರೂ ಇರಬೇಕು. ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀರಿ, ಒಮ್ಮೆ ನೋಡಿಕೊಳ್ಳಿ.

ಬೆಳಗಿನಪಾಳಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತೂವರೆಗೆ ಮಲಗಿ ನಾಲ್ಕೂವರೆಗೆ ಏಳುತ್ತೇನೆ, ಅದನ್ನೂ ಸರಿ ಮಾಡಿಕೊಳ್ಳಬೇಕು. ತಟ್ಟೆಲೆಕ್ಕ ಮೇಡಂ, ಎರಡು ಸಂದೇಹ. ನೀರಿನಂಶ ಜಾಸ್ತಿ ಇರುವುದನ್ನೇ ತಿಂದರೆ ಬಾತ್‌ರೂಮಿನ ತೊಂದರೆ ಆಗಲ್ವಾ? ಮತ್ತೆ ಬೇಳೆ, ಬೀನ್ಸ್ ಕಾಳು ಒಳ್ಳೆಯದು ಅಂತ ಓದಿದ್ದೇನೆ, ಆದರೆ ಗ್ಯಾಸ್ ಭಯ.

ತಟ್ಟೆಲೆಕ್ಕ

ಆಹಾರದೊಳಗಿನ ನೀರೂ ಕೊನೆಗೆ ಅಲ್ಲಿಗೇ ಹೋಗುತ್ತದೆ, ನಿಜ. ಆದರೆ ಗಟಗಟ ಕುಡಿದ ನೀರಿನಷ್ಟು ಬೇಗ ಜಠರದಿಂದ ಇಳಿಯುವುದಿಲ್ಲ. ಹಸಿವಿನ ಮಟ್ಟಿಗೂ ಎರಡಕ್ಕೂ ವ್ಯತ್ಯಾಸ ಇದೆ. 1999ರಲ್ಲಿ ಬಾರ್ಬರಾ ರೋಲ್ಸ್ ಅನ್ನುವ ಸಂಶೋಧಕಿಯ ತಂಡ ಅನ್ನ, ಕೋಳಿ ಮಾಂಸ, ತರಕಾರಿ ಸೇರಿಸಿ ಮಾಡಿದ ಒಂದೇ ಅಡುಗೆಯನ್ನು ಊಟಕ್ಕೆ ಮುಂಚೆ ಮೂರು ತರ ಕೊಟ್ಟಿತು: ಹಾಗೇ, ಪಕ್ಕದಲ್ಲಿ ಒಂದು ಲೋಟ ನೀರಿಟ್ಟು, ಅದೇ ನೀರನ್ನು ಅಡುಗೆಗೇ ಸೇರಿಸಿ ಸೂಪ್ ಮಾಡಿ. ಆಮೇಲಿನ ಊಟ ಕಡಿಮೆಯಾದದ್ದು ಸೂಪ್ ಕುಡಿದಾಗ ಮಾತ್ರ. ಪಕ್ಕದ ಲೋಟದ ನೀರಿನಿಂದ ಏನೂ ಆಗಲಿಲ್ಲ. ಹಾಗಾಗಿ ನೀವು ಜ್ಯೂಸ್ ಬಿಡುವುದರಿಂದಲೇ ಒಂದು ಲೋಟ ದ್ರವ ಕಡಿಮೆಯಾಯಿತು. ಆ ಜಾಗಕ್ಕೆ ಆಲೂಗಡ್ಡೆ, ಸೇಬು ಬರಲಿ. ಆರಕ್ಕೆ ತಿಂದು ಎಂಟಕ್ಕೆ ನಿಲ್ಲುವುದಾದರೆ ನಡುವೆ ಎರಡು ಗಂಟೆ ಸಿಗುತ್ತದೆ, ಕೈ ತೊಳೆಯುವ ಮುಂಚೆ ಒಮ್ಮೆ ಹೋಗಿ ಬನ್ನಿ. ದಯವಿಟ್ಟು ನೀರನ್ನು ತೀರಾ ಕಟ್ಟಬೇಡಿ. ಥಿಯೇಟರಿನವರು ಈ ಭಯಕ್ಕೆ ನೀರೇ ಕುಡಿಯದೆ ತಲೆನೋವು ತಂದುಕೊಳ್ಳುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಕೇಸ್ ಮುಗಿದ ಕೂಡಲೇ ಕುಡಿಯಿರಿ.

ಬೇಳೆ, ಕಾಳು ನಿಜವಾಗಿಯೂ ಒಳ್ಳೆಯವು. ಪ್ರೋಟೀನ್, ನಾರು ಎರಡೂ ಒಟ್ಟಿಗೆ ಸಿಗುತ್ತವೆ. ಅವುಗಳಲ್ಲಿರುವ ಕೆಲವು ಬಗೆಯ ಸಕ್ಕರೆ ನಮಗೆ ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ತಿಂದಾಗ ಗ್ಯಾಸ್ ಬರುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಮೆತ್ತಗೆ ಬೇಯಿಸಿದರೆ ಎಷ್ಟೋ ಕಡಿಮೆಯಾಗುತ್ತದೆ. ಮೊದಲು ಎರಡು ಮೂರು ಚಮಚ ತಿಂದು, ಕೆಲವು ವಾರಗಳಲ್ಲಿ ಏರಿಸುತ್ತಾ ಹೋಗಿ. ಓಟ್ಸ್‌ಗೂ ಇದೇ ಮಾತು.

ಯಾವುದೇ ಹೊಸ ತಿಂಡಿಯನ್ನು ಡ್ಯೂಟಿ ದಿನ ಶುರು ಮಾಡಬೇಡಿ. ರಜೆಯ ದಿನ ಅದೇ ಆರು ಗಂಟೆಗೆ ತಿಂದು, ಹಸಿವು ಎಷ್ಟು ಹೊತ್ತಿಗೆ ಬಂತು, ಹೊಟ್ಟೆ ಉಬ್ಬರಿಸಿತಾ, ತೂಕಡಿಕೆ ಬಂತಾ ಅಂತ ಬರೆದಿಡಿ. ಹನ್ನೊಂದರವರೆಗೆ ನಿಲ್ಲದಿದ್ದರೆ ಆಲೂಗಡ್ಡೆ ಹಾಗೇ ಇರಲಿ, ಮೊಸರು ಅಥವಾ ಇನ್ನೊಂದು ಮೊಟ್ಟೆ ಸೇರಿಸಿ. ಏನಾಯಿತು ಅಂತ ಇಲ್ಲೇ ತಿಳಿಸಿ, ಮುಂದೆ ನೋಡೋಣ.