ಬಿಸಿಗೆ ಗೋಧಿಯ ಸ್ಪಂದನೆ: ಪ್ರಯೋಗದಲ್ಲಿ ಎಲ್ಲಿ ಎಡವುತ್ತೇವೆ?

ಪ್ರಶ್ನೆ: ಹತ್ತು ದಿನದ ಗೋಧಿ ಸಸಿಗಳನ್ನು 42 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರು ಗಂಟೆ ಇರಿಸಿ, ಎಲೆಯಿಂದ ಆರ್‌ಎನ್‌ಎ (ಚುರುಕಾದ ವಂಶವಾಹಿಯಿಂದ ತಯಾರಾಗುವ ನಕಲು) ತೆಗೆದು, ಶಾಖಾಘಾತ ಪ್ರೋಟೀನುಗಳ, ಅಂದರೆ ಬಿಸಿಯಲ್ಲಿ ಜೀವಕೋಶವನ್ನು ಕಾಪಾಡುವ ಪ್ರೋಟೀನುಗಳ, ವಂಶವಾಹಿಗಳು ಎಷ್ಟು ಚುರುಕಾಗಿವೆ ಎಂದು ಅಳೆಯುತ್ತಿದ್ದೇನೆ. ಚಪಾತಿಯ ಸಾಮಾನ್ಯ ಗೋಧಿಯ ಜೊತೆಗೆ ನಮ್ಮ ಧಾರವಾಡದ ಕಡೆಯ ಸದಕ ಗೋಧಿಯನ್ನೂ ಇಟ್ಟಿದ್ದೇನೆ. ಮೂರು ಸಲ ಮಾಡಿದರೂ ಫಲಿತಾಂಶ ಒಂದೇ ಬರುತ್ತಿಲ್ಲ. ಈ ಕೆಲಸ ಮಾಡಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನನ್ನ ಅನುಮಾನ ಆ ಆರು ಗಂಟೆಯ ಮೇಲಿದೆ. ಹವೆ ತಂಪಾಗಿರುವಾಗ ಶಾಖಾಘಾತ ನಿಯಂತ್ರಕಗಳನ್ನು (ಈ ವಂಶವಾಹಿಗಳನ್ನು ಚುರುಕುಗೊಳಿಸುವ ಪ್ರೋಟೀನುಗಳು) ಎಚ್‌ಎಸ್‌ಪಿ 70 ಮತ್ತು 90 ಎಂಬ ಶಾಖಾಘಾತ ಪ್ರೋಟೀನುಗಳು ಹಿಡಿದಿಟ್ಟಿರುತ್ತವೆ. ಬಿಸಿಯೇರಿ ಜೀವಕೋಶದ ಇತರ ಪ್ರೋಟೀನುಗಳ ಮಡಿಕೆ (ಆಕಾರ) ಕೆಟ್ಟಾಗ ಈ ಎಚ್‌ಎಸ್‌ಪಿಗಳು ಅವುಗಳ ರಕ್ಷಣೆಗೆ ಹೋಗುವುದರಿಂದ, ಬಿಡುಗಡೆಯಾದ ನಿಯಂತ್ರಕಗಳು ಮೂರು ಮೂರಾಗಿ ಕೂಡಿಕೊಂಡು ಡಿಎನ್‌ಎಗೆ ಅಂಟಿ ವಂಶವಾಹಿಗಳನ್ನು ಎಬ್ಬಿಸುತ್ತವೆ. ಇದೆಲ್ಲ ನಿಮಿಷಗಳ ಮಾತು. ಅನೇಕ ವಂಶವಾಹಿಗಳ ಆರ್‌ಎನ್‌ಎ ಮೊದಲ ಒಂದೆರಡು ಗಂಟೆಗಳಲ್ಲೇ ಶಿಖರ ಮುಟ್ಟಿ ಇಳಿಯತೊಡಗುತ್ತದೆ. ಆರನೆಯ ಗಂಟೆಯಲ್ಲಿ ತಾವು ಆ ಇಳಿಜಾರನ್ನು ಅಳೆಯುತ್ತಿರಬಹುದು. ಅರ್ಧ ಗಂಟೆ, ಒಂದು, ಎರಡು, ಆರು ಗಂಟೆಗಳಲ್ಲಿ ಮಾದರಿ ತೆಗೆದು ನೋಡಿ. ನಾನು ಮೊದಲ ವರ್ಷ ಬಿಸಿಯಿಲ್ಲದ ಸಸಿಗಳ ಎಲೆಯನ್ನು ಬೆಳಿಗ್ಗೆ ಎಂಟಕ್ಕೂ ಬಿಸಿ ತಗಲಿದವುಗಳ ಎಲೆಯನ್ನು ಮಧ್ಯಾಹ್ನ ಎರಡಕ್ಕೂ ಕತ್ತರಿಸಿ, ಹೊತ್ತಿಗೆ ತಕ್ಕಂತೆ ಆಗುವ ಸಹಜ ಏರಿಳಿತವನ್ನೇ ಬಿಸಿಯ ಪರಿಣಾಮವೆಂದು ಬರೆದುಕೊಂಡಿದ್ದೆ. ಎರಡನ್ನೂ ಒಂದೇ ಹೊತ್ತಿಗೆ ತೆಗೆಯಿರಿ. ಎಲೆಯನ್ನು ತಕ್ಷಣ ಹೆಪ್ಪುಗಟ್ಟಿಸುವ ದ್ರವ ಸಾರಜನಕದ ಪಾತ್ರೆಯೂ ಸಸಿಯ ಪಕ್ಕದಲ್ಲೇ ಇರಲಿ; ಎಲೆ ಹಿಡಿದು ಮುಂದಿನ ಕೋಣೆಗೆ ನಡೆಯುವಂತಾಗಬಾರದು.

ಉತ್ತರ 2: ಪ್ರೈಮರುಗಳನ್ನು, ಅಂದರೆ ಅಳೆಯಬೇಕಾದ ವಂಶವಾಹಿಯನ್ನು ಗುರುತಿಸಿ ಹಿಡಿಯುವ ಡಿಎನ್‌ಎ ತುಣುಕುಗಳನ್ನು, ಪರೀಕ್ಷಿಸಿ. ಸಾಮಾನ್ಯ ಗೋಧಿಯಲ್ಲಿ ಎ, ಬಿ, ಡಿ ಎಂಬ ಮೂರು ಜೀನೋಮುಗಳು (ವಂಶವಾಹಿಗಳ ಪೂರ್ಣ ಗುಂಪುಗಳು), 42 ವರ್ಣತಂತುಗಳು. ಸದಕದಲ್ಲಿ ಡಿ ಇಲ್ಲ, ಇರುವುದು 28. 2018ರಲ್ಲಿ ಪ್ರಕಟವಾದ ಜೀನೋಮ್ ಸಾಮಾನ್ಯ ಗೋಧಿಯ ಚೈನೀಸ್ ಸ್ಪ್ರಿಂಗ್ ತಳಿಯದು. ಅದರ ಡಿ ಪ್ರತಿಯನ್ನು ನೋಡಿ ಮಾಡಿದ ಪ್ರೈಮರ್ ಸದಕದಲ್ಲಿ ಏನನ್ನೂ ಹಿಡಿಯದಿದ್ದರೆ ಆಶ್ಚರ್ಯವಿಲ್ಲ. ‘ಸದಕ ಬಿಸಿಗೆ ಸ್ಪಂದಿಸುವುದಿಲ್ಲ’ ಎಂದು ವರದಿಯಲ್ಲಿ ಬರೆದು ಮಾರ್ಗದರ್ಶಕರಿಂದ ಚೆನ್ನಾಗಿ ಅನ್ನಿಸಿಕೊಂಡವಳು ನಾನು.

ಉತ್ತರ 3: ಸಣ್ಣ ಕುಂಡದ ಮಣ್ಣು 42 ಡಿಗ್ರಿಯಲ್ಲಿ ಬೇಗ ಒಣಗುತ್ತದೆ. ಪತ್ರರಂಧ್ರ ಮುಚ್ಚಿದರೆ ಬರದ ಸ್ಪಂದನೆಯೂ ಬೆರೆಯುತ್ತದೆ. ನೀರು ತುಂಬಿದ ತಟ್ಟೆಯಲ್ಲಿ ಕುಂಡ ಇಟ್ಟು, ಪೆಟ್ಟಿಗೆಯ ಉಷ್ಣತೆಯನ್ನಷ್ಟೇ ನಂಬದೆ ಎಲೆಯ ಉಷ್ಣತೆಯನ್ನೂ ಬರೆದುಕೊಳ್ಳಿ. ಹೋಲಿಕೆಗೆ, ಮಟ್ಟ ಬದಲಾಗದೆಂದು ನಂಬುವ ಆಕ್ಟಿನ್ ವಂಶವಾಹಿ ಒಂದನ್ನೇ ಬಳಸಬೇಡಿ. ಬಿಸಿಯಲ್ಲಿ ಅದೂ ಅಲುಗಾಡುತ್ತದೆ.

ಉತ್ತರ 4: ತಮ್ಮ ಗುರಿ ಇಳುವರಿಯಾದರೆ ಸಸಿಯ ಎಲೆ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಕಾಳು ತುಂಬುವಾಗ ಪಿಷ್ಟ ಕಟ್ಟುವ ಕಿಣ್ವಗಳಲ್ಲೊಂದಾದ ಕರಗುವ ಪಿಷ್ಟ ಸಿಂಥೇಸ್ ಬಿಸಿಗೆ ಬಹಳ ಬೇಗ ಸೋಲುವುದರಿಂದ ಕಾಳು ಜೊಳ್ಳಾಗುತ್ತದೆ; 2022ರ ಮಾರ್ಚ್‌ನಲ್ಲಿ ಉತ್ತರ ಭಾರತದ ಹೊಲಗಳಿಗೆ ಬಿಸಿ ತಟ್ಟಿದ್ದೂ ಇದೇ ಹಂತದಲ್ಲಿ. ಅದೇ ಬೀಜವನ್ನು ನವೆಂಬರ್ ಮೊದಲ ವಾರ ಒಮ್ಮೆ, ಕಾಳು ತುಂಬುವಾಗ ಬಿಸಿ ತಗಲುವಂತೆ ಡಿಸೆಂಬರ್ ಕೊನೆಗೆ ಒಮ್ಮೆ ಬಿತ್ತಿ, ಹೂವಾದ ದಿನವನ್ನು ತೆನೆಗೆ ಚೀಟಿ ಕಟ್ಟಿ ಗುರುತಿಸಿ, ಅಲ್ಲಿಂದ ಹದಿನೈದನೆಯ ದಿನ ಎರಡೂ ಬಿತ್ತನೆಗಳ ಕಾಳಿನ ಮಾದರಿ ತೆಗೆಯಿರಿ.